ಕೊನೆಯ ಶನಿವಾರದ ಹಾಜರಿ

ತಿಂಗಳ ಕೊನೆಯ ಶನಿವಾರ, ಮಧ್ಯಾಹ್ನ ಎರಡಕ್ಕೆ,
ಗೋಣಿಕೊಪ್ಪದ ಗ್ರಂಥಾಲಯದ ಹಿಂದಿನ ಕೋಣೆಯ
ಬೀಗ ತೆಗೆಯುವವಳು ನಾನು.
ಕುರ್ಚಿ ಹದಿಮೂರು. ಒಂದರ ಕಾಲಿಗೆ ಹಳೆಯ ಗೆಜೆಟಿಯರಿನ ಆಸರೆ.
ಹಾಜರಿ ಪುಸ್ತಕಕ್ಕೆ ಗೆರೆ ಎಳೆದದ್ದೂ ನಾನೇ:
ಹೆಸರು, ಊರು, ಫೋನು, ಪ್ರಕಟವಾದ ಪುಸ್ತಕ.
ಆ ಕೊನೆಯ ಕಾಲಂ ಎಳೆಯಬಾರದಿತ್ತು.
ಪೆನ್ನು ಅಲ್ಲಿಗೆ ಬಂದಾಗ
ಎಷ್ಟೊಂದು ಜನಕ್ಕೆ ಕೆಮ್ಮು!

ನಿವೃತ್ತ ಪೋಸ್ಟ್‌ಮಾಸ್ಟರ್ ಪಳಂಗಪ್ಪ
‘ಒಂದು’ ಎಂದು ಬರೆದು, ಪಕ್ಕದಲ್ಲಿ ಸಣ್ಣಕ್ಷರದಲ್ಲಿ
‘ಸ್ವಂತ ಖರ್ಚು’ ಎಂದು ಸೇರಿಸುತ್ತಾರೆ, ಪ್ರತಿ ತಿಂಗಳೂ.
ಇನ್ನೂರು ಪ್ರತಿ ಇನ್ನೂ ಅವರ ಮಂಚದಡಿ.
ಮದುವೆಗೆ ಹೋದರೆ ಕವರಿನ ಬದಲು ಅದನ್ನೇ ಕೊಡುತ್ತಾರೆ.

ಬೀರುವಿನ ಬಾಗಿಲ ಒಳಮೈಗೆ ಅಂಟಿಸಿದ್ದೇವೆ
ಪತ್ರಿಕೆಗಳ ವಿಳಾಸ, ಸ್ಪರ್ಧೆಗಳ ಕಡೇ ದಿನಾಂಕ,
ಯಾವ ಸಂಪಾದಕರು ಉತ್ತರ ಬರೆಯುತ್ತಾರೆ, ಯಾರು ಬರೆಯುವುದಿಲ್ಲ
(ಇದು ರುಬೀನಾಳ ಕೈಬರಹ, ಅನುಭವವೂ ಅವಳದೇ).
ನಿಘಂಟು ಒಂದಿದೆ. ‘ಸ’ದಿಂದ ಮುಂದೆ ಗೆದ್ದಲು ತಿಂದಿದೆ.
ತೊಂದರೆಯಿಲ್ಲ. ಸೋಲು, ಹಠ
ನಮಗೆ ಬಾಯಿಪಾಠ.

ನಾಲ್ಕಕ್ಕೆ ಮುಗಿಯಲೇಬೇಕು.
ತಿತಿಮತಿ ಕಡೆಯವರಿಗೆ ಅದು ಆನೆ ದಾಟುವ ಹೊತ್ತು.
ಎಂಥ ಉದ್ದನೆಯ ಕತೆಗಾರನೂ
ಯಾರಾದರೂ ‘ಆನೆ’ ಎಂದರೆ ಸಾಕು, ಮೂರು ಪುಟ ಹಾರಿಸುತ್ತಾನೆ.
ಇಷ್ಟು ಒಳ್ಳೆಯ ಎಡಿಟರು ಬೇರೆ ಊರಿನಲ್ಲಿ ಸಿಗುವುದಿಲ್ಲ.

ಮಾರ್ಚಿನಲ್ಲಿ ಮೈಸೂರಿನಿಂದ ಪ್ರಕಾಶಕರೊಬ್ಬರು ಬಂದರು.
ಚಂದಾ ಎತ್ತಿ ತಿಂಡಿ ತರಿಸಿದ್ದೆವು.
‘ಬರೆದರೆ ಸಾಲದು, ಸಂಪರ್ಕ ಬೆಳೆಸಿಕೊಳ್ಳಿ’ ಎಂದರು,
‘ನಾಲ್ಕು ಜನಕ್ಕೆ ಗೊತ್ತಿರಬೇಕು ನೀವು ಯಾರೆಂದು.’
ಅವರ ಬಳಿ ಇದ್ದದ್ದು ಏಳು ವಿಸಿಟಿಂಗ್ ಕಾರ್ಡು, ಚಾಚಿದ ಕೈ ಹನ್ನೊಂದು.
ಮೂರೂವರೆಗೆ ಕಾರು ಹತ್ತಿದರು.

ಉಳಿದ ಅರ್ಧ ಗಂಟೆಗೆ ಮಾಲು ಎದ್ದು ನಿಂತಳು,
ಬಾಳೆಲೆ ಕಡೆಯ ಹಾಡಿಯವಳು.
ಒಂದೂವರೆ ವರ್ಷದಿಂದ ಆ ಕಾಲಂನಲ್ಲಿ
ದುಂಡನೆಯ ಸೊನ್ನೆ, ಕೆಮ್ಮದೆ ಬರೆಯುತ್ತಾಳೆ.
ಅಜ್ಜಿ ಜೇನು ಬಿಡಿಸುವ ಪದ್ಯ. ನಡುವೆ ಒಂದು ಮಾತಿಗೆ ನಿಂತಳು.
‘ಇದು ನಮ್ಮ ಯರವ ಮಾತು. ಬಾಯಲ್ಲಿದೆ,
ಬರೆಯಲು ಅಕ್ಷರ ಇಲ್ಲ.’

‘ಇನ್ನೊಂದು ಸಲ ಹೇಳು’ ಎಂದಳು ನರ್ಸ್ ಚೋಂದಮ್ಮ.
ಹೇಳಿದಳು. ‘ಇನ್ನೊಂದು ಸಲ.’
‘ಇ’ಗೂ ‘ಉ’ಗೂ ನಡುವೆ ನಾಲಿಗೆ ಅರೆಗಳಿಗೆ ತಂಗುವ ಜಾಗ.
‘ಅಯ್ಯೋ, ಕೊಡವ ತಕ್ಕ್‌ನಲ್ಲೂ ಇದೆಯಲ್ಲ ಇದು!
ನನ್ನ ಎರಡು ಪುಸ್ತಕದಲ್ಲೂ ನುಂಗಿಬಿಟ್ಟಿದ್ದೇನೆ.’
ರುಬೀನಾ ತನ್ನ ಮನೆಮಾತಿನ ತುದಿ ಹಿಡಿದು ಉಚ್ಚರಿಸಿ ನೋಡಿದಳು.
‘ನಮ್ಮ ಮಲಯಾಳದಲ್ಲೂ…’
ಮೂವರೂ ಒಬ್ಬರ ಬಾಯಿ ಒಬ್ಬರು ನೋಡುತ್ತ,
ಹಲ್ಲಿನ ಡಾಕ್ಟರ ಹತ್ತಿರ ಬಂದವರ ಹಾಗೆ.

ಪಳಂಗಪ್ಪ ಪೆನ್ಸಿಲು ತೆಗೆದು ಅಕ್ಷರದ ತಲೆಗೆ ಗೆರೆ ಇಟ್ಟರು.
‘ಭಾರ ಆಯಿತು’ ಎಂದಳು ಮಾಲು.
ಕೆಳಗಿಟ್ಟಳು ತಾನೇ, ಕುಡುಗೋಲಿನಷ್ಟು ಬಾಗಿದ ಒಂದು ಗುರುತು.
ಗಡಿಯಾರ ನಾಲ್ಕೂ ಕಾಲು ತೋರಿಸುತ್ತಿತ್ತು.
ಯಾರೂ ಆನೆಯ ಸುದ್ದಿ ಎತ್ತಲಿಲ್ಲ.

ನಮ್ಮ ವಾರ್ಷಿಕ ಸಂಚಿಕೆ ನಲವತ್ತು ಪ್ರತಿ, ಜೆರಾಕ್ಸು.
ಕಟ್ಟು ಬಿಚ್ಚಿ ನೋಡಿದರೆ ಗುರುತೇ ಇಲ್ಲ.
ಕೊಳೆ ಎಂದುಕೊಂಡು ಅಂಗಡಿಯ ಹುಡುಗ
ಮೂಲಪ್ರತಿಗೆ ಬಿಳಿ ಬಳಿದಿದ್ದ, ಪಾಪ, ಶ್ರದ್ಧೆಯಿಂದ.
ಆ ರಾತ್ರಿ ನಲವತ್ತಕ್ಕೂ ಪೆನ್ನಿನಲ್ಲಿ ಎಳೆದೆ,
ಒಂದೊಂದರಲ್ಲಿ ಏಳು ಕಡೆ.
ಹನ್ನೆರಡನೆಯದರಲ್ಲಿ ಕೈ ಜಾರಿ ಬಾಲ ಉದ್ದವಾಯಿತು.
ಅದನ್ನು ಯಾರಿಗೂ ಕೊಟ್ಟಿಲ್ಲ.
ಆರು ವರ್ಷದಿಂದ ಹಾಜರಿಯಲ್ಲಿ ಹೆಸರು ಬರೆಯದವಳ
ಕೈಬರಹ ಇರುವುದು ಅದರಲ್ಲೇ.